ಗರ್ಭಕೋಶದ ಗೆಡ್ಡೆ: ಕೊಯ್ಯದೆ ಗುಣಪಡಿಸುವ ಬಗೆ

ಮನೆಯ ಯಜಮಾನರಿಗೆ ಎದೆಯಲ್ಲಿ ನೋವು ಕಾಣಿಸಿಕೊಂಡಿತೆಂದರೆ ಈಗ ಹಳ್ಳಿಯವರು ಕೂಡ ‘ಆಂಜಿಯೋಪ್ಲಾಸ್ಟಿ’ ಎಂಬ ಮಾತನ್ನು ಆಡುತ್ತಾರೆ. ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳ್ಳನೆಯ ನಳಿಕೆಯೊಂದನ್ನು ರಕ್ತನಾಳದೊಳಗೆ ತೂರಿಸಿ, ಹೃದಯದವರೆಗೆ ಕೊಂಡೊಯ್ದು, ಮುಚ್ಚಿಹೋದ ನಾಳವನ್ನು ತೆರೆಯುವ ಆ ವಿದ್ಯೆಯು ನಮ್ಮ ಜನರಿಗೆ ಅಪರಿಚಿತವಾಗಿ ಉಳಿದಿಲ್ಲ. ಎದೆಯನ್ನು ಸೀಳಬೇಕಾಗಿಲ್ಲವೆಂದು ಕೇಳಿ ಮನೆಮಂದಿಯೆಲ್ಲ ಹಗುರಾಗಿ ಉಸಿರು ಬಿಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಆದರೆ ಅದೇ ಮನೆಯ ಗೃಹಿಣಿಗೆ ತಿಂಗಳು ತಿಂಗಳೂ ಅತಿಯಾಗಿ ರಕ್ತ ಹೋಗಿ, ಗರ್ಭಕೋಶದಲ್ಲಿ ಗೆಡ್ಡೆಯಿದೆಯೆಂದು ತಿಳಿದುಬಂದಾಗ, ಅದೇ ಬಗೆಯ ನಳಿಕೆಯಿಂದ, ಅದೇ ಬಗೆಯ ಯಂತ್ರದ ಕೆಳಗೆ, ಹೊಟ್ಟೆಯನ್ನು ಕೊಯ್ಯದೆ ಆ ಗೆಡ್ಡೆಯನ್ನು ಬಾಡಿಸಬಹುದೆಂಬ ಸಂಗತಿಯನ್ನು ಅವಳಿಗೆ ಹೇಳುವವರು ಬಹಳ ವಿರಳ. ಈ ವಿದ್ಯೆಯು ಲೋಕಕ್ಕೆ ತಿಳಿದು ಮೂವತ್ತು ವರ್ಷಗಳಾದುವು. ಆದರೂ ಬಡದೇಶಗಳ ಹೆಂಗಸರಲ್ಲಿ ಬಹುಮಂದಿಗೆ ಅದು ಇನ್ನೂ ಕೈಗೆಟುಕಿಲ್ಲ. ಏಕೆ ಎಟುಕಲಿಲ್ಲ, ಎಟುಕಿಸುವ ಯತ್ನವು ಎಲ್ಲಿ ಹೇಗೆ ನಡೆದಿದೆ ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಇಂತಹ ವಿಷಯವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಸಂಕೋಚಪಟ್ಟಾರು. ಆ ಸಂಕೋಚದಿಂದಲೇ ಆಗತಕ್ಕ ಕೇಡೆಲ್ಲ ಆಗಿದೆಯೆಂಬುದು ನಮ್ಮ ಅಭಿಪ್ರಾಯ. ನಮ್ಮ ಪರಿಚಯದವರಾದ ಒಬ್ಬ ಉಪಾಧ್ಯಾಯಿನಿಯರು ನಾಲ್ಕು ವರ್ಷಗಳ ಪರ್ಯಂತ ಈ ಬಾಧೆಯನ್ನು ಯಾರಿಗೂ ಹೇಳದೆ ಅನುಭವಿಸಿದರು. ಶಾಲೆಗೆ ಹೋಗುವಾಗ ಕಪ್ಪು ಬಣ್ಣದ ಸೀರೆಯನ್ನೇ ಆರಿಸಿ ಉಡುವರು. ಪಾಠ ಮುಗಿದು ಮಕ್ಕಳೆಲ್ಲ ಹೊರಟುಹೋಗುವತನಕ ಕುರ್ಚಿಯಿಂದ ಏಳರು. ಮೆಟ್ಟಿಲು ಹತ್ತಿದರೆ ಏದುಸಿರು, ಮುಖದಲ್ಲಿ ರಕ್ತವೇ ಇಲ್ಲ. ‘ವಯಸ್ಸಾಗುತ್ತ ಬಂದಿತು, ಹೀಗೆಯೇ’ ಎಂದು ಅತ್ತೆಯವರು ಸಮಾಧಾನ ಹೇಳುತ್ತಿದ್ದರು. ಅವರಾದರೂ ತಮ್ಮ ಕಾಲದಲ್ಲಿ ಹೀಗೆಯೇ ನುಂಗಿಕೊಂಡವರು. ಕಡೆಗೆ ಒಂದು ದಿನ ತಲೆ ಸುತ್ತಿ ಬಿದ್ದಾಗ ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನಿಂಗ್ ಆಯಿತು. ‘ಗೆಡ್ಡೆಯಿದೆ, ಗರ್ಭಕೋಶ ತೆಗೆದುಬಿಡೋಣ, ಇನ್ನು ಅದರಿಂದ ನಿಮಗೆ ಉಪಯೋಗವೇನು?’ ಎಂದರು. ಎರಡು ದಿನಗಳಲ್ಲಿ ಕಾಗದಕ್ಕೆ ರುಜುವೂ ಆಯಿತು. ಆಗ ಆಕೆಗೆ ಮೂವತ್ತೆಂಟು ವಯಸ್ಸು. ಗುಣವೇನೋ ಆಯಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇರೆ ದಾರಿಗಳೂ ಇದ್ದುವೆಂದು ವರ್ಷವೊಂದು ಕಳೆದ ಮೇಲೆ ಬೇರೆಲ್ಲಿಯೋ ಕೇಳಿ ತಿಳಿದಾಗ ಆಕೆ ನಮ್ಮಲ್ಲಿ ಆಡಿದ ಮಾತು ಇಷ್ಟೆ: ‘ಅಲ್ಲ ಸ್ವಾಮಿ, ಕೊನೆಗೆ ನಾನು ಇದನ್ನೇ ಆರಿಸಿಕೊಳ್ಳುತ್ತಿದ್ದೆನೋ ಏನೋ. ಆರಿಸಿಕೋ ಎಂದು ಯಾರೂ ಹೇಳಲೇ ಇಲ್ಲವಲ್ಲ?’

ಈ ಗೆಡ್ಡೆಯೆಂಬುದು ಏನು? ಗರ್ಭಕೋಶದ ಗೋಡೆಯು ಸ್ನಾಯುವಿನಿಂದಾದುದು. ಆ ಸ್ನಾಯುವಿನ ಒಂದು ಕಣವು ಅಂಕೆಯಿಲ್ಲದೆ ಬೆಳೆದು ಉಂಡೆಗಟ್ಟಿದರೆ ಅದೇ ಗೆಡ್ಡೆ. ಡಾಕ್ಟರು ಅದನ್ನು ಫೈಬ್ರಾಯ್ಡ್ ಎಂದು ಕರೆಯುತ್ತಾರೆ. ಸಾಸಿವೆಯಷ್ಟಿರಬಹುದು, ನಿಂಬೆಯಷ್ಟಿರಬಹುದು, ತೆಂಗಿನಕಾಯಿಯನ್ನು ಮೀರಿಯೂ ಬೆಳೆಯಬಹುದು. ಒಂದೇ ಇರಬಹುದು, ಹತ್ತಾರೂ ಇರಬಹುದು. ಇದು ಕ್ಯಾನ್ಸರ್ ಅಲ್ಲ. ಗೆಡ್ಡೆಯೆಂಬ ಮಾತು ಕಿವಿಗೆ ಬಿದ್ದೊಡನೆ ಎದೆಗೆಡುವ ಅನೇಕರಿಗಾಗಿ ಇದನ್ನು ಮೊದಲೇ ಹೇಳಿಬಿಡಬೇಕು. ಗೆಡ್ಡೆಯಂತೆ ತೋರುವುದು ಕ್ಯಾನ್ಸರ್ ಆಗಿರುವುದು ಅತ್ಯಂತ ಅಪರೂಪ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಂತೆ, ಐವತ್ತನೆಯ ವಯಸ್ಸನ್ನು ಮುಟ್ಟುವ ಹೊತ್ತಿಗೆ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೂ ಕರಿಯ ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಗೂ ಗೆಡ್ಡೆಗಳು ಉಂಟಾಗಿರುತ್ತವೆ. ಅಂದಮೇಲೆ ಗೆಡ್ಡೆಯಿರುವುದೇ ಸಾಮಾನ್ಯ. ಅವರಲ್ಲಿ ಬಹುಮಂದಿಗೆ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆಯಿಲ್ಲದ ಗೆಡ್ಡೆಗೆ ಚಿಕಿತ್ಸೆಯೂ ಬೇಕಾಗಿಲ್ಲ. ಮುಟ್ಟು ನಿಂತ ಮೇಲೆ ಅದು ತಾನಾಗಿಯೇ ಕುಗ್ಗುತ್ತದೆ. ತೊಂದರೆ ಬರುವವರಿಗೆ ಮಾತ್ರ ಅದು ಸಣ್ಣ ತೊಂದರೆಯಲ್ಲ: ಅತಿಸ್ರಾವ, ರಕ್ತಹೀನತೆ, ಹೊಟ್ಟೆಯ ಭಾರ, ಪದೇ ಪದೇ ಮೂತ್ರದ ಅವಸರ, ಕೆಲವರಿಗೆ ಗರ್ಭ ನಿಲ್ಲದಿರುವುದು.

ತೊಂದರೆ ಕೊಡುವ ಗೆಡ್ಡೆಗೆ ಮೊದಲು ಮಾಡತಕ್ಕದ್ದು ರಕ್ತಸ್ರಾವವನ್ನು ತಗ್ಗಿಸುವ ಮಾತ್ರೆ, ಕಬ್ಬಿಣದ ಮಾತ್ರೆ, ಕೆಲವರಿಗೆ ಔಷಧ ಸವರಿದ ‘ಕಾಪರ್‌ಟಿ’ಯಂತಹ ಸಾಧನ. ಇವುಗಳಿಂದ ಸಾಗದಿದ್ದರೆ ಗೆಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು, ಅಥವಾ ಗರ್ಭಕೋಶವನ್ನೇ ತೆಗೆಯಬಹುದು. ಈ ಎರಡಕ್ಕೂ ನಡುವೆ ನಿಲ್ಲತಕ್ಕದ್ದು ನಾವು ಹೇಳಹೊರಟಿರುವ ಕ್ರಮ.

ಅದು ಹುಟ್ಟಿದ ಕಥೆ ಸ್ವಾರಸ್ಯವಾದುದು. ಹೆರಿಗೆಯ ನಂತರ ನಿಲ್ಲದೆ ರಕ್ತ ಹೋಗುವ ಬಾಣಂತಿಯರಿಗೆ ಗರ್ಭಕೋಶದ ರಕ್ತನಾಳವನ್ನು ಒಳಗಿನಿಂದಲೇ ತಡೆದು ಪ್ರಾಣ ಉಳಿಸುವ ಉಪಾಯವನ್ನು ಡಾಕ್ಟರು 1979ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಪ್ಯಾರಿಸ್ ನಗರದ ಜಾಕ್ ರವೀನಾ ಎಂಬ ಸ್ತ್ರೀರೋಗತಜ್ಞರು ಇದನ್ನೇ ಗೆಡ್ಡೆಯ ಶಸ್ತ್ರಕ್ರಿಯೆಗೆ ಮುಂಚೆ ಮಾಡಿಸತೊಡಗಿದರು. ಕೊಯ್ಯುವಾಗ ರಕ್ತ ಹೆಚ್ಚು ಹೋಗದಿರಲಿ ಎಂಬುದಷ್ಟೇ ಅವರ ಉದ್ದೇಶ. ಆದರೆ ಶಸ್ತ್ರಕ್ರಿಯೆಯ ದಿನ ಬರುವಷ್ಟರಲ್ಲಿ ಅನೇಕ ಹೆಂಗಸರು, ‘ನಮಗೆ ಈಗಲೇ ಗುಣವಾಗಿದೆಯಲ್ಲ, ಇನ್ನೇಕೆ ಕೊಯ್ಯುವುದು?’ ಎಂದು ಕೇಳುವಂತಾಯಿತು. ಹೀಗೆ ಪೂರ್ವಸಿದ್ಧತೆಯೇ ಚಿಕಿತ್ಸೆಯಾಗಿ ನಿಂತಿತು. ಹದಿನಾರು ಮಂದಿ ಹೆಂಗಸರ ಈ ಅನುಭವವನ್ನು ರವೀನಾ ಮತ್ತು ಅವರ ಜೊತೆಯವರು 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2004ರ ನವೆಂಬರಿನಲ್ಲಿ ಅಮೆರಿಕದ ಕಾಂಡಲೀಜಾ ರೈಸ್ ಅವರು ಈ ಚಿಕಿತ್ಸೆಯನ್ನು ಮಾಡಿಸಿಕೊಂಡು ಬೇಗನೆ ಕೆಲಸಕ್ಕೆ ಮರಳಿದ ಮೇಲೆ ಅಲ್ಲಿನ ಮನೆಮನೆಗಳಿಗೂ ಅದರ ಹೆಸರು ತಿಳಿಯಿತು. ದೊಡ್ಡವರಿಗೆ ಬಂದ ಕಾಯಿಲೆಯು ಹೀಗೆ ಒಮ್ಮೊಮ್ಮೆ ಲೋಕೋಪಕಾರ ಮಾಡುವುದುಂಟು.

ಎಂಬೊಲೈಸೇಷನ್ ಎಂಬುದು ಇದರ ಹೆಸರು. ಮಾಡುವ ಬಗೆಯನ್ನು ತೋಟವುಳ್ಳವರು ಚೆನ್ನಾಗಿ ಅರಿಯಬಲ್ಲರು. ಒಂದು ಸಾಲಿಗೆ ನೀರು ಬೇಡವಾದರೆ ನಾವು ಗಿಡವನ್ನು ಕೀಳುವುದಿಲ್ಲ. ಕಾಲುವೆಯ ಬಾಯಿಗೆ ಮಣ್ಣು ಕಟ್ಟುತ್ತೇವೆ. ಗೆಡ್ಡೆಯು ರಕ್ತವನ್ನು ಹೇರಳವಾಗಿ ಕುಡಿದು ಬೆಳೆಯುವಂಥದು. ಆ ರಕ್ತವು ಬರುವುದು ಗರ್ಭಕೋಶದ ಎಡಬಲದ ಎರಡು ಧಮನಿಗಳಿಂದ. ರೋಗಿಯನ್ನು ಎಚ್ಚರದಲ್ಲಿಯೇ ಮಲಗಿಸಿ, ನೋವು ತಿಳಿಯದಂತೆ ಚುಚ್ಚುಮದ್ದು ಕೊಟ್ಟು, ತೊಡೆಯ ಸಂದಿನಲ್ಲಿಯೋ ಮಣಿಕಟ್ಟಿನಲ್ಲಿಯೋ ಸೂಜಿ ಹೋಗುವಷ್ಟು ರಂಧ್ರ ಮಾಡುತ್ತಾರೆ. ಅಲ್ಲಿಂದ ನಳಿಕೆಯು ಒಳಹೊಕ್ಕು, ಕ್ಷ-ಕಿರಣದ ಪರದೆಯ ಮೇಲೆ ಡಾಕ್ಟರ ಕಣ್ಣಿಗೆ ಕಾಣುತ್ತ, ಗರ್ಭಕೋಶದ ಧಮನಿಯನ್ನು ಸೇರುತ್ತದೆ. ಆಗ ಮರಳಿನಂತಹ ಸಣ್ಣ ಕಣಗಳನ್ನು, ಅಂದರೆ ಒಂದು ಮಿಲಿಮೀಟರಿನ ಅರ್ಧಕ್ಕಿಂತ ತುಸು ದೊಡ್ಡವನ್ನು, ರಕ್ತದ ಓಟದಲ್ಲಿ ತೇಲಿಬಿಡುತ್ತಾರೆ. ಹೆಚ್ಚು ರಕ್ತ ಎಲ್ಲಿಗೆ ಓಡುವುದೋ ಕಣಗಳೂ ಅಲ್ಲಿಗೇ ಓಡಿ, ಗೆಡ್ಡೆಯ ನಾಳಗಳಲ್ಲಿ ಸಿಕ್ಕಿಕೊಂಡು ಅವನ್ನು ಮುಚ್ಚುತ್ತವೆ. ಗರ್ಭಕೋಶಕ್ಕೆ ಬೇರೆ ಕವಲುಗಳಿಂದಲೂ ರಕ್ತ ದೊರೆಯುವುದರಿಂದ ಅದು ಬದುಕಿಕೊಳ್ಳುತ್ತದೆ, ಗೆಡ್ಡೆಯು ಬಾಡುತ್ತದೆ. ಕೆಲಸವೆಲ್ಲ ಒಂದೆರಡು ಗಂಟೆಯದು. ಹೊಲಿಗೆಯಿಲ್ಲ.

ಆದರೆ ಇದನ್ನು ಹೂವೆತ್ತಿದಷ್ಟು ಸುಲಭವೆಂದು ವರ್ಣಿಸುವುದು ನಮಗೆ ಒಪ್ಪಿಗೆಯಿಲ್ಲ. ಮೊದಲ ದಿನ ಹೊಟ್ಟೆನೋವು ಬಲವಾಗಿಯೇ ಇರುತ್ತದೆ. ಕೆಲವು ದಿನ ಸಣ್ಣ ಜ್ವರ, ವಾಕರಿಕೆ. ಒಂದೆರಡು ವಾರಗಳಲ್ಲಿ ಮನೆಗೆಲಸಕ್ಕೆ ತೊಡಗಬಹುದು. ಹೊಟ್ಟೆ ಕೊಯ್ದವರಿಗಾದರೋ ಸುಮಾರು ಆರು ವಾರ ಬೇಕು. ಗೆಡ್ಡೆಯು ಅರ್ಧದಷ್ಟು ಕುಗ್ಗಲು ತಿಂಗಳುಗಳು ಹಿಡಿಯುತ್ತವೆ. ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಕಡೆ 157 ಮಂದಿ ಹೆಂಗಸರಲ್ಲಿ ಈ ಕ್ರಮವನ್ನೂ ಶಸ್ತ್ರಕ್ರಿಯೆಯನ್ನೂ ಹೋಲಿಸಿ 2007ರಲ್ಲಿ ಫಲವನ್ನು ಪ್ರಕಟಿಸಿದರು: ಒಂದು ವರ್ಷದ ಕೊನೆಗೆ ಎರಡು ಗುಂಪಿನವರ ಸೌಖ್ಯವೂ ಸಮನಾಗಿತ್ತು, ಎಂಬೊಲೈಸೇಷನ್ ಆದವರು ಬೇಗ ಎದ್ದು ಓಡಾಡಿದ್ದರು. ಆದರೆ ಐದು ವರ್ಷಗಳೊಳಗೆ ಅವರಲ್ಲಿ ನೂರಕ್ಕೆ 32 ಮಂದಿಗೆ ಮತ್ತೊಂದು ಚಿಕಿತ್ಸೆ ಬೇಕಾಯಿತು. ಶಸ್ತ್ರಕ್ರಿಯೆಯವರಲ್ಲಿ ಹಾಗೆ ಆದುದು ನೂರಕ್ಕೆ ನಾಲ್ವರಿಗೆ. ಹಾಲೆಂಡಿನಲ್ಲಿ ಹತ್ತು ವರ್ಷಗಳ ಕಾಲ ನೋಡಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು ಗರ್ಭಕೋಶವನ್ನು ಉಳಿಸಿಕೊಂಡಿದ್ದರು. 2020ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ, ಗೆಡ್ಡೆಯನ್ನಷ್ಟೇ ಬಿಡಿಸಿ ತೆಗೆಸಿಕೊಂಡವರು ಎರಡು ವರ್ಷಗಳ ನಂತರ ಎಂಬೊಲೈಸೇಷನ್ ಆದವರಿಗಿಂತ ಹೆಚ್ಚು ಸುಖವಾಗಿದ್ದರು. ಮುಂದೆ ಮಕ್ಕಳು ಬೇಕೆನ್ನುವವರಿಗೆ ಸಾಮಾನ್ಯವಾಗಿ ಮೊದಲು ಸೂಚಿಸತಕ್ಕದ್ದು ಅದೇ. ಗರ್ಭಿಣಿಯರಿಗೆ, ಒಳಗೆ ಸೋಂಕು ಇರುವವರಿಗೆ, ಕ್ಯಾನ್ಸರಿನ ಶಂಕೆಯಿರುವವರಿಗೆ ಎಂಬೊಲೈಸೇಷನ್ ಸಲ್ಲದು. ನಲವತ್ತೈದನ್ನು ದಾಟಿದ ಕೆಲವರಿಗೆ ಇದರಿಂದ ಮುಟ್ಟು ಖಾಯಂ ಆಗಿ ನಿಂತುಹೋಗುವುದೂ ಉಂಟು. ಇಷ್ಟನ್ನೂ ಮುಚ್ಚಿಡದೆ ಹೇಳಿದ ಮೇಲೂ ಇದು ಒಳ್ಳೆಯ ದಾರಿಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ.

ಬಡದೇಶಗಳಲ್ಲಿಯಾದರೋ ಇದರ ಬೆಲೆ ಇನ್ನೂ ಹೆಚ್ಚು. ಹೇಗೆಂದರೆ, ಅಲ್ಲಿನ ಹೆಂಗಸು ಆಸ್ಪತ್ರೆಯ ಬಾಗಿಲಿಗೆ ಬರುವಾಗಲೇ ರಕ್ತ ಬತ್ತಿಹೋಗಿರುತ್ತದೆ. ಕೊಯ್ಯಬೇಕಾದರೆ ರಕ್ತ ಕೊಡಬೇಕು. ಕೊಡಲು ಬ್ಲಡ್ ಬ್ಯಾಂಕಿನಲ್ಲಿ ರಕ್ತವಿಲ್ಲ. ಪೂರ್ತಿ ಮತ್ತು ಬರಿಸುವ ಡಾಕ್ಟರು ಕಡಮೆ. ಹಾಸಿಗೆಗಳು ಕಡಮೆ. ಆರು ವಾರ ಮಲಗಿದರೆ ಹೊಲದ ಕೂಲಿಯನ್ನು ಕೊಡುವವರಾರು? ರಕ್ತ ಹೆಚ್ಚು ಬೇಡದ, ಪೂರ್ತಿ ಮತ್ತು ಬೇಡದ, ಮಾರನೆಯ ದಿನವೋ ಮೂರನೆಯ ದಿನವೋ ಮನೆಗೆ ಕಳುಹಿಸಬಹುದಾದ ಚಿಕಿತ್ಸೆಯು ಇಂತಹವಳಿಗಾಗಿಯೇ ಹುಟ್ಟಿದಂತಿದೆ. ಆದರೆ ಲೋಕದಲ್ಲಿ ನಡೆದುಬಂದದ್ದು ವಿಪರೀತ: ಚೇತರಿಸಿಕೊಳ್ಳಲು ಬೇಕಾದಷ್ಟು ಅನುಕೂಲವುಳ್ಳ ಹೆಂಗಸಿಗೆ ಸೂಜಿಯ ರಂಧ್ರ, ಯಾವ ಅನುಕೂಲವೂ ಇಲ್ಲದವಳಿಗೆ ಗೇಣುದ್ದದ ಗಾಯ.

ಯಂತ್ರದ ಬೆಲೆ ಕೋಟಿಗಟ್ಟಲೆ, ಆದುದರಿಂದ ಬಡದೇಶಕ್ಕೆ ಇದು ಆಗದ ಹೋಗದ ಮಾತು ಎಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. ಈ ಮಾತು ಅರ್ಧ ಮಾತ್ರ ಸತ್ಯ. ಹೃದಯದ ಚಿಕಿತ್ಸೆಗಾಗಿ ಕ್ಯಾಥ್ ಲ್ಯಾಬ್ ಎಂಬ ಯಂತ್ರಶಾಲೆಯು ಅನೇಕ ಬಡದೇಶಗಳ ರಾಜಧಾನಿಗಳಲ್ಲಿ ಆಗಲೇ ಇದೆ; ಗರ್ಭಕೋಶಕ್ಕೆ ಬೇರೆ ಜಾತಿಯ ಯಂತ್ರ ಬೇಕಾಗಿಲ್ಲ. ಕಣಗಳ ಬೆಲೆಯೂ ದೊಡ್ಡ ತಡೆಯಲ್ಲ. ಪರದೇಶದಿಂದ ಬರುವ ಪುಟ್ಟ ಸೀಸೆಯ ಕಣಗಳು ದುಬಾರಿಯೆಂಬುದು ನಿಜವೇ. ಆದರೆ ಶಸ್ತ್ರಕ್ರಿಯೆಯಲ್ಲಿ ರಕ್ತ ನಿಲ್ಲಿಸಲು ಎಷ್ಟೋ ದಶಕಗಳಿಂದ ಬಳಸುತ್ತಿರುವ ಜೆಲಟಿನ್ ಸ್ಪಾಂಜ್ ಎಂಬ ಅಗ್ಗದ ಹಾಳೆಯೊಂದು ಉಂಟು. ಅದನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಕಣಗಳಿಗೆ ಬದಲಾಗಿ ಬಿಡಬಹುದು. ಕೆಲವು ವಾರಗಳಲ್ಲಿ ಅದು ಮೈಯಲ್ಲಿಯೇ ಕರಗಿಹೋಗುತ್ತದೆ, ಅಷ್ಟರಲ್ಲಿ ಗೆಡ್ಡೆಯ ಬಾಳು ಮುಗಿದಿರುತ್ತದೆ. ಸಿರಿವಂತ ದೇಶವಾದ ಜಪಾನಿನಲ್ಲಿಯೇ ಡಾಕ್ಟರು ಬಹುಕಾಲ ಈ ಹಾಳೆಯಿಂದ ಕೆಲಸ ನಡೆಸಿ ಒಳ್ಳೆಯ ಫಲ ಕಂಡಿದ್ದಾರೆ. ಹಾಗಾದರೆ ಇಲ್ಲದಿರುವುದು ಯಾವುದು? ಕಲಿತ ಕೈ. ನಳಿಕೆಯನ್ನು ಧಮನಿಯ ಕವಲಿನಲ್ಲಿ ತಿರುಗಿಸಬಲ್ಲ ಡಾಕ್ಟರು, ಅವರ ಪಕ್ಕದಲ್ಲಿ ನಿಲ್ಲಬಲ್ಲ ನರ್ಸು, ಯಂತ್ರವನ್ನು ನಡೆಸಬಲ್ಲ ತಂತ್ರಜ್ಞ.

ಈ ಕೈಗಳನ್ನು ಊರಿನಲ್ಲಿಯೇ ತಯಾರುಮಾಡಬಹುದೆಂಬುದಕ್ಕೆ ಪೂರ್ವ ಆಫ್ರಿಕದ ಟಾಂಜಾನಿಯ ದೇಶವು ಒಂದು ಸಾಕ್ಷಿ. 2022ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ 6 ಕೋಟಿ 17 ಲಕ್ಷ. ನಮ್ಮ ಕರ್ನಾಟಕದ್ದು 2011ರ ಗಣತಿಯಲ್ಲಿ 6 ಕೋಟಿ 11 ಲಕ್ಷವಾಗಿತ್ತೆಂಬುದನ್ನು ನೆನೆದರೆ ಕೆಲಸದ ಗಾತ್ರವು ನಮ್ಮವರಿಗೆ ಮನದಟ್ಟಾಗುವುದು. ಇಷ್ಟು ಜನರಿರುವ ದೇಶದಲ್ಲಿ 2018ಕ್ಕೆ ಮೊದಲು ಈ ವಿದ್ಯೆಯನ್ನು ಕಲಿಸುವ ಏರ್ಪಾಡೇ ಇರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ದಾರ್ ಎಸ್ ಸಲಾಮ್ ನಗರದ ಮುಹಿಂಬಿಲಿ ಆಸ್ಪತ್ರೆಯವರೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಲವು ಡಾಕ್ಟರೂ ಕೂಡಿ ‘ರೋಡ್ ಟು ಐ. ಆರ್.’ ಎಂಬ ಏರ್ಪಾಡನ್ನು ಆರಂಭಿಸಿದರು.

ಅದರ ರೀತಿಯು ನಮಗೆ ಬಹಳ ಹಿಡಿಸಿತು. ಪರದೇಶದ ಡಾಕ್ಟರು ವಿಮಾನದಲ್ಲಿ ಬಂದಿಳಿದು, ಒಂದು ವಾರದಲ್ಲಿ ಮೂವತ್ತು ನಲವತ್ತು ಚಿಕಿತ್ಸೆ ಮಾಡಿ, ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವ ಶಿಬಿರಗಳನ್ನು ನಾವು ಕಂಡಿದ್ದೇವೆ. ಅವರು ಹೋದ ಮೇಲೆ ಹಿಂದಿನ ಕತ್ತಲೆಯೇ. ಇಲ್ಲಿ ಹಾಗಲ್ಲ. ಡಾಕ್ಟರು, ನರ್ಸು, ತಂತ್ರಜ್ಞ ಮೂವರೂ ಒಂದು ತಂಡವಾಗಿ ಬರುವರು. ಒಂದು ತಂಡ ಹೋದ ಮೇಲೆ ಇನ್ನೊಂದು. ನಳಿಕೆಯನ್ನು ಹಿಡಿಯುವವರು ಊರಿನ ಡಾಕ್ಟರು; ಬಂದವರು ಪಕ್ಕದಲ್ಲಿ ನಿಂತು ಹೇಳಿಕೊಡುವರು. ಮೊದಲಿಗೇ ಗರ್ಭಕೋಶಕ್ಕೆ ಕೈ ಹಾಕಲಿಲ್ಲ. ಸ್ಕ್ಯಾನಿಂಗ್ ನೋಡುತ್ತ ಕೀವು ಬಸಿಯುವುದು, ಗಂಟಿನ ತುಣುಕನ್ನು ಪರೀಕ್ಷೆಗೆ ತೆಗೆಯುವುದು, ಕಟ್ಟಿಕೊಂಡ ಮೂತ್ರಪಿಂಡಕ್ಕೆ ಕೊಳವೆ ಹಾಕುವುದು ಮುಂತಾದ, ದೊಡ್ಡ ಯಂತ್ರ ಬೇಡದ ಕೆಲಸಗಳಿಂದ ಕೈ ಪಳಗಿಸಿ, ಬಳಿಕ ರಕ್ತನಾಳಕ್ಕೆ ಇಳಿದರು. ಅಲ್ಲಿನ ಆರೋಗ್ಯ ವಿಶ್ವವಿದ್ಯಾಲಯವು 2019ರಲ್ಲಿ ಎರಡು ವರ್ಷಗಳ ಪದವಿಯನ್ನೇ ಏರ್ಪಡಿಸಿತು. 2020ರಲ್ಲಿ ಕೊರೋನಾ ಬಂದು ಪ್ರಯಾಣ ನಿಂತಾಗ, ದೂರದಿಂದಲೇ ಪರದೆಯ ಮೂಲಕ ಪಾಠ ನಡೆಯಿತು. ಕಲಿತು ಪದವಿ ಪಡೆದವರು ಈಗ ತಮ್ಮ ಹಿಂದಿನವರಿಗೆ ತಾವೇ ಕಲಿಸುತ್ತಿದ್ದಾರೆ. ಗೆಡ್ಡೆಯ ಎಂಬೊಲೈಸೇಷನ್ ಅಲ್ಲಿ ನಡೆಯುವ ಚಿಕಿತ್ಸೆಗಳಲ್ಲಿ ಒಂದಾಗಿದೆ.

ಚಿಕಿತ್ಸೆಯ ಕೋಣೆಗೆ ಕೆಲಸ ಮುಗಿಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಎಂಬೊಲೈಸೇಷನ್ ಆದ ಹತ್ತು ಹದಿನೈದು ದಿನಗಳ ಮೇಲೆ, ಅಪರೂಪಕ್ಕೆ, ಬಾಡಿದ ಗೆಡ್ಡೆಗೆ ಸೋಂಕು ತಗಲಬಹುದು. ಹಾಗೆ ಜ್ವರ ಬಂದ ಹೆಂಗಸು ದಿನವಿಡೀ ಬಸ್ಸಿನಲ್ಲಿ ಬರಬೇಕಾದ ಊರಿನಲ್ಲಿದ್ದರೆ ಏನು ಗತಿ? ಆಕೆಯ ಊರಿನ ನರ್ಸಿಗೂ ಈ ಚಿಕಿತ್ಸೆಯ ಹೆಸರು ತಿಳಿದಿರಬೇಕು, ಆಸ್ಪತ್ರೆಯ ಫೋನು ನಂಬರು ಕೈಯಲ್ಲಿರಬೇಕು.

ನಮ್ಮ ದೇಶದ ಸ್ಥಿತಿ ಟಾಂಜಾನಿಯದಂತಲ್ಲ. ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಇದ್ದಾರೆ. ಹೃದಯದ ಚಿಕಿತ್ಸೆಯ ಕ್ಯಾಥ್ ಲ್ಯಾಬುಗಳು ಮೈಸೂರು, ಕಲಬುರಗಿಗಳಂತಹ ಊರುಗಳಿಗೂ ಬಂದಿವೆ. ಆದರೆ ಹಳ್ಳಿಯ ಹೆಂಗಸಿಗೆ ದೊರೆಯುವ ಉತ್ತರವು ಇಂದಿಗೂ ಬಹುಮಟ್ಟಿಗೆ ಒಂದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2015-16ರಲ್ಲಿ ಮೊದಲ ಬಾರಿಗೆ ಈ ಲೆಕ್ಕವನ್ನು ತೆಗೆದಾಗ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗಿಂತ ತುಸು ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ ಕಾರಣ ಅತಿಸ್ರಾವ ಮತ್ತು ನೋವು. ಮೂರರಲ್ಲಿ ಎರಡು ಪಾಲು ನಡೆದುದು ಖಾಸಗಿ ಆಸ್ಪತ್ರೆಗಳಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಕೂಲಿಯ ಹೆಂಗಸರನ್ನು ಕುರಿತು ಸರ್ಕಾರದ ಸಮಿತಿಯೊಂದು 2019ರಲ್ಲಿ ವಿಚಾರಿಸಿತು. 82,309 ಮಂದಿಯಲ್ಲಿ 13,861 ಮಂದಿಗೆ ಗರ್ಭಕೋಶವಿರಲಿಲ್ಲ. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುವುದು, ದಂಡವೂ ಬೀಳುವುದು. ಅದಕ್ಕೆ ಗರ್ಭಕೋಶವನ್ನೇ ತೆಗೆಸಿಬಿಡುವುದು. ಈ ಲೆಕ್ಕವನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರೂ ಚಿಕ್ಕ ವಯಸ್ಸಿನಲ್ಲಿಯೇ ತಮ್ಮ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದರೆಂದು 2015ರ ಸುಮಾರಿಗೆ ಬೀದಿಗಿಳಿದು ಕೇಳಿದ್ದನ್ನು ಕನ್ನಡಿಗರಾದ ನಾವು ಮರೆಯಲಾಗದು. 2023ರ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರವು ಮಾಡಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆಜ್ಞೆ ಮಾಡಿತು.

ಆಜ್ಞೆಯು ಒಳ್ಳೆಯದೇ. ಆದರೆ ಬೇಡವೆಂದು ಒಂದು ಬಾಗಿಲನ್ನು ಮುಚ್ಚಿದರೆ ಸಾಲದು. ಮತ್ತೊಂದು ಬಾಗಿಲು ತೆರೆದಿರಬೇಕಷ್ಟೆ? ರಕ್ತ ಸುರಿಯುತ್ತಿರುವ ಹೆಂಗಸಿಗೆ ‘ಗರ್ಭಕೋಶ ತೆಗೆಯುವುದಿಲ್ಲ, ಮನೆಗೆ ಹೋಗು’ ಎಂದರೆ ಅದು ಉಪಕಾರವಾಗದು. ಜಿಲ್ಲೆಗೊಬ್ಬ ಕಲಿತ ಡಾಕ್ಟರು, ಹೃದಯದವರ ಯಂತ್ರದಲ್ಲಿ ವಾರಕ್ಕೊಂದು ದಿನ, ಬಡವರ ವಿಮೆಯಿಂದ ಹಣ, ಕತ್ತರಿಸಿದ ಜೆಲಟಿನ್ ಹಾಳೆ: ಬೇಕಾದುದು ಇಷ್ಟು. ಟಾಂಜಾನಿಯದವರು ನಮಗಿಂತ ಕಡಮೆ ಸಾಮಗ್ರಿಯಿಂದ ಹೊರಟರು.

ಅದುವರೆಗೆ ಮನೆಯವರು ಮಾಡಬಹುದಾದದ್ದು ಒಂದುಂಟು: ಕೇಳುವುದು. ಗೆಡ್ಡೆ ಎಷ್ಟು ದೊಡ್ಡದು, ಎಲ್ಲಿದೆ, ಅದರಿಂದಲೇ ರಕ್ತ ಹೋಗುತ್ತಿದೆಯೇ, ಮಾತ್ರೆಯಿಂದ ನೋಡಬಹುದೇ, ಗೆಡ್ಡೆಯನ್ನಷ್ಟೇ ತೆಗೆಯಬಹುದೇ, ಎಂಬೊಲೈಸೇಷನ್ ಆಗಬಹುದೇ, ಏನೂ ಮಾಡದೆ ಆರು ತಿಂಗಳು ಕಾದರೆ ಏನಾದೀತು? ಇವನ್ನು ಕೇಳಿದರೆ ಒಳ್ಳೆಯ ಡಾಕ್ಟರು ಕೋಪಿಸಿಕೊಳ್ಳುವುದಿಲ್ಲ. ಹೆಂಗಸು ತಾನೇ ಕೇಳಲು ನಾಚಿದರೆ ಗಂಡನಾಗಲಿ ಮಗನಾಗಲಿ ಕೇಳಬಹುದು. ಆದರೆ ಉತ್ತರವನ್ನು ಅವಳ ಎದುರಿಗೇ ಕೇಳಿಸಿಕೊಳ್ಳಬೇಕು, ರುಜುವನ್ನು ಅವಳೇ ಯೋಚಿಸಿ ಹಾಕಬೇಕು.

ನಾವು ಮೊದಲು ಹೇಳಿದ ಉಪಾಧ್ಯಾಯಿನಿಯರ ತಂಗಿಗೆ ಕಳೆದ ವರ್ಷ ಸ್ಕ್ಯಾನಿಂಗಿನಲ್ಲಿ ಎರಡು ಗೆಡ್ಡೆಗಳು ಕಂಡುವು. ಅಕ್ಕನವರೇ ಜೊತೆಗೆ ಹೋಗಿ, ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕುಳಿತರಂತೆ. ಡಾಕ್ಟರು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಹೇಳಿ, ಕಬ್ಬಿಣದ ಮಾತ್ರೆಯನ್ನೂ ಸ್ರಾವದ ದಿನಗಳಿಗಷ್ಟೇ ಬೇರೊಂದು ಮಾತ್ರೆಯನ್ನೂ ಬರೆದುಕೊಟ್ಟರು. ಸದ್ಯಕ್ಕೆ ಅಷ್ಟೇ ಸಾಕಾಗಿದೆ. ಮುಂದಿನ ಸ್ಕ್ಯಾನಿಂಗ್ ದೀಪಾವಳಿ ಕಳೆದ ಮೇಲೆ.